ಪದಗಳಿಗೂ ನೆಂಟರಿಷ್ಟರುಂಟು

ಹೊರದೇಶಕ್ಕೆ ಓದಲೋ ಉದ್ಯೋಗಕ್ಕೋ ಹೋಗಬಯಸುವ ನನ್ನ ಹಳೆಯ ವಿದ್ಯಾರ್ಥಿಗಳು ಈಚಿನ ವರ್ಷಗಳಲ್ಲಿ ಫೋನು ಮಾಡಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಸಾರ್, ಇಂಗ್ಲಿಷ್ ಪದಗಳ ಒಳ್ಳೆಯ ಪಟ್ಟಿ ಇದ್ದರೆ ಕಳಿಸಿ." ಪಟ್ಟಿಗಳಿಗೇನೂ ಬರವಿಲ್ಲ. ಆದರೆ ಪಟ್ಟಿಯನ್ನು ಉರು ಹೊಡೆದವರೇ ಐಇಎಲ್‌ಟಿಎಸ್ ಪರೀಕ್ಷೆಯ ಬರವಣಿಗೆಯ ಭಾಗದಲ್ಲಿ ಎಡವುವುದನ್ನು ಕಾಣುತ್ತಿರುವುದರಿಂದ, ಈ ವಿಷಯದಲ್ಲಿ ನನಗೆ ತೋಚಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಯಲ್ಲದಕೆರೆಯ ಕಡೆಯ ಹೆಣ್ಣುಮಗಳೊಬ್ಬಳು ಈಗ ಬೆಂಗಳೂರಿನಲ್ಲಿ ನರ್ಸ್ ಆಗಿದ್ದಾಳೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ವಿಷಯ ಬಂದದ್ದು 2007-08ರಲ್ಲಿ; ಇವಳ ಕಾಲಕ್ಕೆ ಐದನೆಯ ತರಗತಿಯಲ್ಲಿ ಎ ಬಿ ಸಿ ಡಿ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಅಲ್ಲಿನ ಮಂಡಳಿ ಬರವಣಿಗೆಯಲ್ಲಿ 6.5 ಅಂಕ ಕೇಳುತ್ತದೆ. ಇವಳಿಗೆ ಎರಡು ಬಾರಿಯೂ 6. ಒಮ್ಮೆ ಪರೀಕ್ಷೆಗೆ ಕೂರಲು ಹದಿನೇಳು ಸಾವಿರ ರೂಪಾಯಿಗೂ ಹೆಚ್ಚು ಶುಲ್ಕ. ಮನೆಯ ಸಾಲ, ತಮ್ಮನ ಓದು ಎಲ್ಲವೂ ಆ ಅರ್ಧ ಅಂಕಕ್ಕೆ ನೇತುಬಿದ್ದಿವೆ.

ಅವಳು ಅಭ್ಯಾಸಕ್ಕೆಂದು ಬರೆದ ಪ್ರಬಂಧಗಳನ್ನು ತರಿಸಿಕೊಂಡು ಓದಿದೆ. ವ್ಯಾಕರಣ ಪರವಾಗಿಲ್ಲ. ಆದರೆ ಪ್ರತಿ ಪುಟದಲ್ಲೂ 'ಪ್ಲೆಥೊರಾ', 'ಮಿರಿಯಡ್'ನಂತಹ ಪದಗಳು ಹಬ್ಬದ ದಿನ ತೊಟ್ಟ ಎರವಲು ಒಡವೆಯಂತೆ ಕುಳಿತಿದ್ದವು. ಆಸ್ಪತ್ರೆಗಳಲ್ಲಿ ದಾದಿಯರ ಕೊರತೆ ಇದೆ ಎಂದು ವಾದಿಸಬೇಕಾದ ಪ್ರಬಂಧದಲ್ಲಿ 'ಪ್ಲೆಥೊರಾ ಆಫ್ ನರ್ಸಸ್ ಆರ್ ನೀಡೆಡ್' ಎಂದು ಬರೆದಿದ್ದಳು. 'ಪ್ಲೆಥೊರಾ' ಎಂದರೆ ಬೇಕಾದುದಕ್ಕಿಂತ ಅತಿಯಾದದ್ದು. ಮೂಲದಲ್ಲಿ ಅದು ವೈದ್ಯರ ಮಾತು. ದೇಹದಲ್ಲಿ ರಕ್ತ ಮಿತಿಮೀರಿದ ಸ್ಥಿತಿಗೆ ಹೇಳುತ್ತಿದ್ದದ್ದು. ಇದನ್ನು ತಿಳಿಸಿದಾಗ ಆಕೆ ನಕ್ಕು, "ಹಾಗಾದರೆ ನಮ್ಮ ವಾರ್ಡಿನದೇ ಪದ ಸಾರ್" ಎಂದಳು.

ಪರೀಕ್ಷೆಯ ಲೆಕ್ಕ ಸರಳ. ಮೊದಲ ಭಾಗದಲ್ಲಿ ನಕ್ಷೆ ಅಥವಾ ಅಂಕಿಅಂಶಗಳನ್ನು ನೋಡಿ ಕನಿಷ್ಠ 150 ಪದಗಳ ವಿವರಣೆ, ಎರಡನೆಯದರಲ್ಲಿ ಕನಿಷ್ಠ 250 ಪದಗಳ ಪ್ರಬಂಧ. ಒಟ್ಟು ಒಂದು ಗಂಟೆ. ಅಳೆಯುವ ನಾಲ್ಕು ಅಂಶಗಳಲ್ಲಿ ಪದಸಂಪತ್ತು ಒಂದು. ಅಲ್ಲಿ ಅಪರೂಪದ ಪದವನ್ನು ಬಳಸಿದ್ದಕ್ಕೆ ಅಂಕವಿಲ್ಲ, ಸರಿಯಾದ ಕಡೆ, ಸರಿಯಾದ ಜೊತೆಯಲ್ಲಿ ಬಳಸಿದ್ದಕ್ಕೆ ಅಂಕ.

ಈ 'ಜೊತೆ' ಎಂಬುದೇ ನನ್ನ ಮುಖ್ಯ ಮಾತು. ಕನ್ನಡದಲ್ಲಿ ನಾವು ಪರಿಣಾಮ 'ಬೀರು' ಎನ್ನುತ್ತೇವೆ, ಪಾತ್ರ 'ವಹಿಸು' ಎನ್ನುತ್ತೇವೆ, ನಿರ್ಧಾರ 'ಕೈಗೊಳ್ಳು', ಗಮನ 'ಸೆಳೆ' ಎನ್ನುತ್ತೇವೆ. ಪರಿಣಾಮ ವಹಿಸಿತು, ಪಾತ್ರ ಬೀರಿತು ಎಂದು ನಮ್ಮ ಮೂರನೆಯ ತರಗತಿಯ ಮಗುವೂ ಹೇಳದು. ಇಂಗ್ಲಿಷಿನಲ್ಲಿಯೂ ಹಾಗೆಯೇ. ರೋಲ್ 'ಪ್ಲೇ' ಆಗುತ್ತದೆ, ರಿಸರ್ಚ್ 'ಕಂಡಕ್ಟ್' ಆಗುತ್ತದೆ, ಕನ್‌ಕ್ಲೂಷನ್ 'ಡ್ರಾ' ಆಗುತ್ತದೆ, ಥ್ರೆಟ್ 'ಪೋಸ್' ಆಗುತ್ತದೆ. ಪದವನ್ನು ಒಂಟಿಯಾಗಿ ಕಲಿತವನು ಬರೆಯುವಾಗ ಅದಕ್ಕೆ ಸಿಕ್ಕಿದ ಕ್ರಿಯಾಪದವನ್ನು ಗಂಟುಹಾಕುತ್ತಾನೆ. ಓದುವವರ ಕಿವಿಗೆ ಅದು ತಟ್ಟನೆ ಕೇಳುತ್ತದೆ. ಕೇಶಿರಾಜ 13ನೆಯ ಶತಮಾನದಲ್ಲಿ ಅರಿಸಮಾಸವನ್ನು ವಿವರಿಸಿದ್ದು ನೆನಪಿದೆಯಲ್ಲವೇ? ಯಾವ ಪದದ ಪಕ್ಕ ಯಾವುದು ಕೂರಬಾರದು ಎಂಬ ಯೋಚನೆ ನಮಗೆ ಹೊಸದಲ್ಲ.

ಕನ್ನಡ ಮಾಧ್ಯಮದವರು ಈ ವಿಷಯದಲ್ಲಿ ಕೀಳರಿಮೆ ಪಡುವುದು ನನಗೆ ಸರಿಕಾಣುವುದಿಲ್ಲ. ನೋಡು, ಕೇಳು, ಕೊಡು ಎಂಬ ದೇಸಿ ಪದಗಳ ಜೊತೆಯಲ್ಲೇ ಪರಿಶೀಲಿಸು, ವಿಚಾರಿಸು, ಒದಗಿಸು ಎಂಬ ಗಂಭೀರ ಪದಗಳನ್ನು ನಾವು ಹತ್ತನೆಯ ತರಗತಿಯೊಳಗೆ ಕಲಿತಿರುತ್ತೇವೆ. ಸಂತೆಯಲ್ಲಿ ಒಂದನ್ನು, ಅರ್ಜಿಯಲ್ಲಿ ಇನ್ನೊಂದನ್ನು ಬಳಸುತ್ತೇವೆ. ಇಂಗ್ಲಿಷಿನಲ್ಲೂ ಇದೇ ಎರಡಂತಸ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಆ ನಾಡಿನ ನುಡಿಗೆ ಹರಿದುಬಂದವು. ವಿದ್ವಾಂಸರು ಲ್ಯಾಟಿನ್, ಗ್ರೀಕಿನಿಂದ ತಂದವು ಬೇರೆ. 'ಹೆಲ್ಪ್' ಮನೆಮಾತು, 'ಅಸಿಸ್ಟ್' ಕಚೇರಿಯ ಮಾತು. 'ಇನಫ್' ಊಟಕ್ಕೆ, 'ಸಫಿಶಿಯೆಂಟ್' ವರದಿಗೆ. ವಿಜ್ಞಾನದ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆಯನ್ನು ಓದಿದವರಿಗೆ ವಿಶ್ಲೇಷಣೆಗೂ ಸಂಶ್ಲೇಷಣೆಗೂ ಇರುವ ಭೇದ ಗೊತ್ತು. 'ಅನಾಲಿಸಿಸ್', 'ಸಿಂಥೆಸಿಸ್' ಎಂಬವು ಅವರಿಗೆ ಹೊಸ ಹೆಸರುಗಳೇ ಹೊರತು ಹೊಸ ವಿಚಾರಗಳಲ್ಲ. ಪಿಯುಸಿ ತರಗತಿಯಲ್ಲಿ ಬಾಯಿಕಟ್ಟಿ ಕೂರುವ ಮಕ್ಕಳಿಗೆ ಇದನ್ನು ಯಾರಾದರೂ ಮೊದಲ ದಿನವೇ ಹೇಳಬೇಕು.

ಪಟ್ಟಿ ಬೇಕೇ ಬೇಕೆನ್ನುವವರಿಗೆ ಒಂದನ್ನು ಮಾತ್ರ ಸೂಚಿಸುತ್ತೇನೆ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್. ಸುಮಾರು 35 ಲಕ್ಷ ಪದಗಳಷ್ಟು ಪಠ್ಯವನ್ನು ಜಾಲಾಡಿ ಆಕೆ ಆರಿಸಿದ್ದು 570 ಪದಕುಟುಂಬಗಳು. ವಿದ್ವತ್ ಬರಹಗಳಲ್ಲಿ ಹತ್ತರಲ್ಲೊಂದು ಪದ ಈ ಕುಟುಂಬಗಳದ್ದೇ. ಇದರ ಹಿಂದೆ ಇನ್ನೊಂದು ಪಟ್ಟಿಯಿದೆ: ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಹೊರತಂದ ಸುಮಾರು 2000 ಸಾಮಾನ್ಯ ಪದಗಳದ್ದು. ಆ ಎರಡು ಸಾವಿರವನ್ನು ಬಿಟ್ಟು ಉಳಿದದ್ದರಲ್ಲಿ ಕಾಕ್ಸ್‌ಹೆಡ್ ಆರಿಸಿದರು. ಕುಟುಂಬ ಎಂಬ ಮಾತನ್ನು ಗಮನಿಸಿ. 'ಅಸೆಸ್' ಕಲಿತರೆ ಸಾಲದು. 'ಅಸೆಸ್‌ಮೆಂಟ್', 'ರೀಅಸೆಸ್' ಸಹ ಅದೇ ಮನೆಯವು. ದಿನಕ್ಕೆ ಐದು ಮನೆಗಳಂತೆ ಹೋದರೂ ನಾಲ್ಕು ತಿಂಗಳೊಳಗೆ ಊರು ಮುಗಿಯುತ್ತದೆ.

ಇನ್ನು ನಿಘಂಟು. ಜಿ. ವೆಂಕಟಸುಬ್ಬಯ್ಯನವರ ಇಂಗ್ಲಿಷ್-ಕನ್ನಡ ನಿಘಂಟು ಅರ್ಥಕ್ಕೆ ಬೇಕು. ಪದದ ನೆಂಟರನ್ನು ತಿಳಿಯಲು ಹಾರ್ನ್‌ಬಿಯವರ ಹೆಸರಿನಲ್ಲಿ ಆಕ್ಸ್‌ಫರ್ಡ್ ಹೊರತರುವ ಕಲಿಕೆಯ ನಿಘಂಟನ್ನೇ ತೆರೆಯಬೇಕು. ಅದರ ಮೊದಲ ರೂಪ 1942ರಲ್ಲಿ ಜಪಾನಿನಲ್ಲಿ ಬಂದದ್ದು, ಇಂಗ್ಲಿಷ್ ತಾಯ್ನುಡಿಯಲ್ಲದವರಿಗಾಗಿಯೇ. ನಮ್ಮ ನಡುವೆ ಸವೆದ ಕೆಲವು ಇಂಗ್ಲಿಷ್ ಮಾತುಗಳ ಬಗ್ಗೆಯೂ ಎಚ್ಚರ ಬೇಕು. 'ಪಾಸ್ ಔಟ್ ಆದೆ' ಎಂದರೆ ಇಲ್ಲಿ ಪದವಿ ಮುಗಿಯಿತೆಂದು. ಅಲ್ಲಿ ಮೂರ್ಛೆ ಹೋದೆನೆಂದು. ನರ್ಸ್ ಒಬ್ಬಳು ಹಾಗೆ ಬರೆದರೆ ಓದುವವರು ಗಾಬರಿಯಾದಾರು!

ಕೊನೆಗೆ ನಾನು ಅವಳಿಗೆ ಕೊಟ್ಟ ಕೆಲಸ ನಮ್ಮ ಮಾರಿಕಣಿವೆಯದು. ಪುಸ್ತಕದ ನಕ್ಷೆಗಳಲ್ಲಿ ಯಾವುದೋ ದೇಶದ ಚಹಾ ರಫ್ತು ಇರುತ್ತದೆ, ಮನಸ್ಸು ಹತ್ತುವುದಿಲ್ಲ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರದ ಪೂರ್ಣಮಟ್ಟ 130 ಅಡಿ. 1933ರಲ್ಲಿ ತುಂಬಿದ್ದು, ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಅನಂತರ 2025ರ ಜನವರಿಯಲ್ಲಿ. ಈ ಕಥೆಯನ್ನು ನಕ್ಷೆಯಾಗಿ ಬರೆದುಕೊಂಡು 150 ಪದಗಳಲ್ಲಿ ವಿವರಿಸು ಎಂದೆ. 'ರೋಸ್', 'ಡಿಕ್ಲೈನ್ಡ್', 'ಫ್ಲಕ್ಚುಯೇಟೆಡ್', 'ರೀಚ್ಡ್ ಎ ಪೀಕ್' ಎಲ್ಲವೂ ತಾವಾಗಿ ಸಾಲುಗಟ್ಟಿದವು. ನೀರು 'ಏರಿತು' ಎಂಬುದನ್ನು 'ಏರಿಕೆ ಕಂಡುಬಂತು' ಎಂದು ತಿರುಗಿಸುವಂತೆ 'ರೋಸ್ ಶಾರ್ಪ್ಲಿ'ಯನ್ನು 'ಎ ಶಾರ್ಪ್ ರೈಸ್' ಮಾಡುವುದನ್ನೂ ಒಮ್ಮೆಗೇ ಹಿಡಿದಳು. ಮೂರನೆಯ ಪ್ರಯತ್ನಕ್ಕೆ ಇನ್ನೂ ಹಣ ಕಟ್ಟಿಲ್ಲ. ವಾರಕ್ಕೆರಡು ಪ್ರಬಂಧ ಬರುತ್ತಿವೆ. ಹೋದ ವಾರದ್ದರಲ್ಲಿ 'ಪ್ಲೆಥೊರಾ' ಇರಲಿಲ್ಲ, 'ಸಫಿಶಿಯೆಂಟ್ ನಂಬರ್' ಇತ್ತು.