ಅಕ್ಕನ ಹಲ್ಲು, ತಮ್ಮನ ಕಚ್ಚು

ಶಾಲೆಯ ಗ್ರೂಪ್ ಫೋಟೋ ಮನೆಗೆ ಬಂದ ದಿನವೇ ಅಜ್ಜಿಗೆ ಚಿಂತೆ ಹತ್ತಿಕೊಂಡಿತು. ನಲವತ್ತು ಮಕ್ಕಳ ನಡುವೆ ಮೊಮ್ಮಗಳೊಬ್ಬಳೇ ತುಟಿ ಬಿಗಿದು ನಿಂತಿದ್ದಳು. ಕಾರಣ ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಒಂಬತ್ತು ವರ್ಷದ ಆ ಹುಡುಗಿಯ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಂದಿ. ಅವುಗಳ ಅಕ್ಕಪಕ್ಕದ ಹಲ್ಲುಗಳು ಬಿಚ್ಚಿದ ಬೀಸಣಿಗೆಯ ಕಡ್ಡಿಗಳಂತೆ ಆಚೀಚೆಗೆ ಚಾಚಿಕೊಂಡಿದ್ದವು. ತರಗತಿಯಲ್ಲಿ ಯಾರೋ ‘ಗೇಟು’ ಎಂದು ಹೆಸರಿಟ್ಟಿದ್ದರು. ಅಂದಿನಿಂದ ನಗು ಬಂದಾಗಲೆಲ್ಲ ಅವಳ ಅಂಗೈ ಬಾಯಿಗೆ ಅಡ್ಡ ಬರುತ್ತಿತ್ತು.

ಅದು 2022ರ ಮಾರ್ಚ್. ಮೇ ತಿಂಗಳಲ್ಲಿ ಚಿಕ್ಕಪ್ಪನ ಮದುವೆ. ‘ಅಷ್ಟರೊಳಗೆ ಇವಳಿಗೊಂದು ಕ್ಲಿಪ್ ಹಾಕಿಸಿಬಿಡು ಕಣೋ. ನಾಳೆ ಹೆಣ್ಣು ನೋಡೋಕೆ ಬಂದವರು ಹಲ್ಲುಬ್ಬಿ ಅಂದ್ರೆ ಏನ್ ಮಾಡ್ತೀಯ?’ ಎಂದು ಅಜ್ಜಿ ಮಗನನ್ನು ತರಾಟೆಗೆ ತೆಗೆದುಕೊಂಡರು. ಒಂಬತ್ತು ವರ್ಷದವಳನ್ನು ಯಾರು ನೋಡಲು ಬರುತ್ತಾರೆ ಎಂದು ಕೇಳಬೇಕೆನ್ನಿಸಿದರೂ ಸೊಸೆ ಕೇಳಲಿಲ್ಲ. ಮಗಳ ಆ ಅಂಗೈ ಅವಳನ್ನೂ ಚುಚ್ಚುತ್ತಿತ್ತು. ತೀರ್ಥಹಳ್ಳಿಯ ಆ ಕುಟುಂಬ ಒಂದು ಶನಿವಾರ ಶಿವಮೊಗ್ಗದ ಬಸ್ಸು ಹತ್ತಿತು. ಏಳು ವರ್ಷದ ಮಗನಿಗೆ ಐಸ್‌ಕ್ರೀಮಿನ ಆಸೆ ತೋರಿಸಿ ಅವನನ್ನೂ ಜೊತೆಗೆ ಕರೆದುಕೊಂಡು ಹೋದರು. ಅವನ ಹಲ್ಲಿನ ಬಗ್ಗೆ ಯಾರಿಗೂ ಯೋಚನೆ ಇರಲಿಲ್ಲ. ಪೋಣಿಸಿಟ್ಟಂಥ ಸಾಲು.

ವಕ್ರದಂತ ಚಿಕಿತ್ಸೆಯ ತಜ್ಞೆ ಹುಡುಗಿಯನ್ನು ಕೂರಿಸಿ, ಮೇಲಿನ ಒಸಡಿನ ಎರಡೂ ಬದಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಎಕ್ಸ್‌ರೇ ತೆಗೆಸಿದರು. ಆಮೇಲೆ, ‘ಇವಳಿಗೆ ಈಗ ಏನೂ ಬೇಡ’ ಎಂದರು. ಮದುವೆಯ ವಿಷಯ ಹೇಳಿದರೂ ಅವರ ಮಾತು ಬದಲಾಗಲಿಲ್ಲ.

ಎಕ್ಸ್‌ರೇಯಲ್ಲಿ ಮೇಲ್ದವಡೆಯ ಎತ್ತರದಲ್ಲಿ ಎರಡು ಕೋರೆಹಲ್ಲುಗಳು ಸರದಿಗೆ ಕಾಯುತ್ತಿದ್ದವು. ಅವು ಪಕ್ಕದ ಬಾಚಿಹಲ್ಲುಗಳ ಬೇರನ್ನು ಒಳಕ್ಕೆ ಒತ್ತುತ್ತವೆ. ಬೇರು ಒಳಕ್ಕೆ ಸರಿದರೆ ಹಲ್ಲಿನ ತುದಿ ಹೊರಕ್ಕೆ ವಾಲುತ್ತದೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ಕೋರೆಹಲ್ಲು ಕೆಳಗಿಳಿಯುತ್ತಿದ್ದಂತೆ ಒತ್ತಡದ ಜಾಗ ಬದಲಾಗಿ, ಎರಡು ಮಿಲಿಮೀಟರಿನೊಳಗಿನ ಸಂದಿ ಸಾಮಾನ್ಯವಾಗಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆಂಡರ್ಸನ್ನನ ಕಥೆಯನ್ನು ನೆನೆದು ದಂತವೈದ್ಯರು ಇದನ್ನು ‘ಕುರೂಪಿ ಬಾತುಮರಿ’ಯ ಹಂತ ಎಂದು ಕರೆಯುತ್ತಾರೆ. ಅವಸರಪಟ್ಟು ಈಗಲೇ ತಂತಿ ಕಟ್ಟಿ ನೇರ ಮಾಡಲು ಹೋದರೆ, ಆ ಹಲ್ಲುಗಳ ಬೇರು ಕೋರೆಹಲ್ಲಿಗೆ ತಗುಲಿ ಸವೆದುಹೋಗುವ ಅಪಾಯವುಂಟು.

ಹುಡುಗಿಯ ಮುಖ ಸಪ್ಪಗಾಯಿತು. ಎಲ್ಲರೂ ಏಳುವಷ್ಟರಲ್ಲಿ ಡಾಕ್ಟರ ಕಣ್ಣು ತಮ್ಮನ ಮೇಲೆ ಬಿತ್ತು. ‘ನೀನು ಬಾ ಮರಿ. ಹಿಂದಿನ ಹಲ್ಲು ಕಚ್ಚಿ ತೋರಿಸು.’ ಅವನು ಕಚ್ಚಿದ. ಬಾಯಿ ಪೂರ್ತಿ ಮುಚ್ಚುವ ಮುನ್ನ ಗದ್ದ ಒಂದಿಷ್ಟು ಮುಂದಕ್ಕೆ ಜಾರಿತು. ಮೇಲಿನ ಒಂದು ಬಾಚಿಹಲ್ಲು ಕೆಳಗಿನ ಹಲ್ಲಿನ ಹಿಂದೆ ಹೋಗಿ ಅಡಗಿಕೊಂಡಿತು. ಅಡ್ಡ ಸಿಕ್ಕ ಆ ಕೆಳಹಲ್ಲಿನ ಒಸಡು ಆಗಲೇ ಕೆಳಗೆ ಸರಿಯಲು ತೊಡಗಿತ್ತು.

ತಾಯಿಗೆ ಆಗ ನೆನಪಾಯಿತು. ಆ ಜಾಗದ ಹಾಲುಹಲ್ಲು ತಿಂಗಳುಗಟ್ಟಲೆ ಅಲುಗಾಡಿದರೂ ಬಿದ್ದಿರಲಿಲ್ಲ. ಹೊಸ ಹಲ್ಲು ಅದರ ಹಿಂದೆಯೇ ಹುಟ್ಟಿತ್ತು. ಕೊನೆಗೆ ಹಾಲುಹಲ್ಲು ಬಿದ್ದಾಗ ಅಜ್ಜಿ ಅದನ್ನು ಸಗಣಿಯಲ್ಲಿ ಮುಚ್ಚಿ ಹೆಂಚಿನ ಮೇಲೆ ಎಸೆಸಿದ್ದರು. ಅಲ್ಲಿಗೆ ಪ್ರಕರಣ ಮುಗಿಯಿತು ಎಂದುಕೊಂಡಿದ್ದರು ಎಲ್ಲರೂ.

ತಂದೆತಾಯಿಯರು ಮಕ್ಕಳು ನಗುವಾಗ ಹಲ್ಲು ನೋಡುತ್ತಾರೆ; ನೋಡಬೇಕಾದದ್ದು ಕಚ್ಚುವಾಗ. ಮೊಬೈಲಿನ ಟಾರ್ಚೊಂದು ಸಾಕು. ಹಿಂದಿನ ಹಲ್ಲು ಕಚ್ಚಿಸಿ ತುಟಿ ಎತ್ತಿದರೆ, ಮೇಲಿನ ಸಾಲು ಸುತ್ತಲೂ ಕೆಳಸಾಲಿನ ಹೊರಗಿರಬೇಕು, ಡಬ್ಬಿಯ ಮುಚ್ಚಳ ಡಬ್ಬಿಯನ್ನು ಹಿಡಿದಂತೆ. ಒಂದೇ ಒಂದು ಹಲ್ಲು ಒಳಗೆ ಸಿಕ್ಕಿಕೊಂಡಿದ್ದರೂ, ಮುಚ್ಚುವಾಗ ಗದ್ದ ಯಾವ ಕಡೆಗಾದರೂ ಜಾರಿದರೂ, ಅದು ದೊಡ್ಡವನಾದ ಮೇಲೆ ನೋಡೋಣ ಎನ್ನುವ ವಿಷಯವಲ್ಲ. ಬೆಳೆಯುವ ದವಡೆ ಆ ಸೊಟ್ಟಿಗೇ ಒಗ್ಗಿ ಬೆಳೆದುಬಿಡಬಹುದು. ಮೇಲಿನ ಹಲ್ಲುಗಳು ಕೆಳಗಿನವಕ್ಕಿಂತ ಎರಡು ಮೂರು ಮಿಲಿಮೀಟರು ಮುಂದಿರುವುದು ಸಹಜ. ಅದಕ್ಕಿಂತ ಬಹಳ ಮುಂದೆ ಚಾಚಿ, ತುಟಿಗೆ ಮುಚ್ಚಲಾಗದಂತಿದ್ದರೆ ಅಂದದ ಪ್ರಶ್ನೆ ಆಮೇಲೆ. ಸೈಕಲ್ಲಿನಿಂದ ಬಿದ್ದಾಗ ಮೊದಲು ಮುರಿಯುವುದು ಆ ಹಲ್ಲೇ.

ಒಳ್ಳೆಯ ಲಕ್ಷಣವನ್ನು ಕೆಟ್ಟದ್ದೆಂದುಕೊಳ್ಳುವುದೂ ನಮ್ಮಲ್ಲಿ ಸಾಮಾನ್ಯ. ಐದು ವರ್ಷದ ಮಗುವಿನ ಹಾಲುಹಲ್ಲುಗಳ ನಡುವೆ ಸಂದಿಯಿದ್ದರೆ ನೆಂಟರು ಮೂಗು ಮುರಿಯುತ್ತಾರೆ. ದೊಡ್ಡ ಹಲ್ಲುಗಳಿಗೆ ಬೇಕಾದ ಜಾಗ ಅದೇ. ಮುತ್ತಿನ ಹಾಗೆ ಒತ್ತಾಗಿ ಕೂತ ಹಾಲುಹಲ್ಲುಗಳಿದ್ದಲ್ಲೇ ಮುಂದೆ ಹಲ್ಲಿನ ಮೇಲೆ ಹಲ್ಲು ಬರುವ ಸಂಭವ ಹೆಚ್ಚು.

‘ಹೇಗಿದ್ದರೂ ಬೀಳೋ ಹಲ್ಲು’ ಎಂದು ಹುಳುಕು ಹಿಡಿದ ಹಾಲುದವಡೆಯನ್ನು ಕೀಳಿಸಿ ಸುಮ್ಮನಾಗುವುದು ಇನ್ನೊಂದು ತಪ್ಪು. ಹಾಲುಹಲ್ಲು ಎಂದರೆ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಹಾಕಿದ ಟವೆಲ್ಲು. ಟವೆಲ್ಲು ತೆಗೆದರೆ ಹಿಂದಿನವರು ಮುಂದೆ ಬಂದು ಕೂರುತ್ತಾರೆ. ಹಾಗೆ ಮುಂದೆ ಸರಿಯುವುದು ಆರನೇ ವಯಸ್ಸಿಗೆ ಎಲ್ಲಕ್ಕೂ ಹಿಂದೆ ಹುಟ್ಟುವ ದೊಡ್ಡ ದವಡೆಹಲ್ಲು. ಯಾವ ಹಲ್ಲೂ ಬೀಳದೆಯೇ ಅದು ಹುಟ್ಟುವುದರಿಂದ ಎಷ್ಟೋ ತಾಯಂದಿರು ಅದನ್ನೂ ಹಾಲುಹಲ್ಲೆಂದೇ ತಿಳಿದಿರುತ್ತಾರೆ. ಹಾಲುದವಡೆಯನ್ನು ಕೀಳಲೇಬೇಕಾಗಿ ಬಂದರೆ, ಜಾಗ ಕಾಯಲು ಒಂದು ತಂತಿಯ ಬಳೆ ಹಾಕಬೇಕೇ ಎಂದು ವೈದ್ಯರನ್ನು ಅಲ್ಲೇ ಕೇಳುವುದು ಲೇಸು.

ಹೆಬ್ಬೆರಳು ಚೀಪುವುದು ನಾಲ್ಕು ವರ್ಷದ ತನಕ ಅಷ್ಟೇನೂ ತೊಂದರೆಯಲ್ಲ. ದೊಡ್ಡ ಬಾಚಿಹಲ್ಲು ಹುಟ್ಟುವಾಗಲೂ ಬಿಡದಿದ್ದರೆ ತೊಂದರೆ. ಸದಾ ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಗುವನ್ನು ಕಿವಿ ಮೂಗು ಗಂಟಲಿನ ವೈದ್ಯರಿಗೂ ತೋರಿಸಬೇಕು. ಒಂದು ಬದಿಯ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಬದಿಯ ಜೊತೆ ಹಲ್ಲು ಬಾರದಿದ್ದರೆ ಎಕ್ಸ್‌ರೇ ತೆಗೆಸಬೇಕು.

ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಏಳನೇ ವಯಸ್ಸಿನೊಳಗೆ ಒಮ್ಮೆ ತಜ್ಞರಿಗೆ ತೋರಿಸಿ ಎನ್ನುತ್ತದೆ. ಅದು ತೋರಿಸುವ ವಯಸ್ಸು, ಹಾಕಿಸುವ ವಯಸ್ಸಲ್ಲ. ಪೂರ್ಣ ತಂತಿಯ ಚಿಕಿತ್ಸೆ ಹೆಚ್ಚಾಗಿ ಹನ್ನೊಂದರಿಂದ ಹದಿನಾಲ್ಕರ ನಡುವೆ ಶುರುವಾಗುತ್ತದೆ. ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಹಲ್ಲು ಎಲುಬಿನಲ್ಲಿ ಮೊಳೆಯಂತೆ ಹೊಡೆದು ಕೂರಿಸಿದ್ದಲ್ಲ. ಸುತ್ತಲೂ ಸಣ್ಣ ನಾರುಗಳಲ್ಲಿ ತೂಗುಬಿದ್ದಿರುತ್ತದೆ. ಒತ್ತಡ ಬಿದ್ದ ಬದಿಯ ಎಲುಬು ಕರಗುತ್ತದೆ, ಎಳೆತ ಬಿದ್ದ ಬದಿಯಲ್ಲಿ ಹೊಸ ಎಲುಬು ತುಂಬುತ್ತದೆ. ಈ ಕೆಲಸ ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನ ವೇಗದಲ್ಲಿ ಸಾಗುತ್ತದೆ. ಮದುವೆಯ ಮುಹೂರ್ತ ಎಲುಬಿಗೆ ಗೊತ್ತಿಲ್ಲ. ಖರ್ಚಿನ ಭಯವಿದ್ದವರು ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಕಡೆ ವಿಚಾರಿಸಬಹುದು.

ತಮ್ಮನಿಗೆ ಅಂಗುಳಕ್ಕೆ ಕೂರುವ ಪ್ಲೇಟು ಸಿದ್ಧವಾಯಿತು. ಅದರಲ್ಲಿನ ಸಣ್ಣ ಸ್ಪ್ರಿಂಗು ಒಳಗಿದ್ದ ಹಲ್ಲನ್ನು ಹೊರಕ್ಕೆ ನೂಕಬೇಕು, ಊಟಕ್ಕೂ ತೆಗೆಯಬಾರದು. ಮೊದಲ ವಾರ ‘ಸ’ಕಾರ ಹೊರಡದೆ ಹುಡುಗ ಅತ್ತ. ಮದುವೆಯ ದಿನ ಹೋಳಿಗೆ ಅಂಟಿಕೊಳ್ಳುತ್ತದೆಂದು ಪ್ಲೇಟನ್ನು ಕಿತ್ತು ಎಲೆಯ ಅಂಚಿಗಿಟ್ಟ. ಎಲೆ ಎತ್ತುವವರು ಎಲೆಯ ಸಮೇತ ಮಡಿಸಿ ಒಯ್ದರು. ರೇಷ್ಮೆ ಪಂಚೆ ಎತ್ತಿ ಕಟ್ಟಿದ ಅಪ್ಪ ಛತ್ರದ ಹಿಂದಿನ ಎಂಜಲೆಲೆಗಳ ರಾಶಿಯಲ್ಲಿ ಮುಕ್ಕಾಲು ಗಂಟೆ ಹುಡುಕಿದ. ಕೋಸಂಬರಿಯ ನಡುವೆ ಸಿಕ್ಕಿತು. ಆ ದೃಶ್ಯ ನೋಡಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡೂ ಕೈ ಹೊಟ್ಟೆಯ ಮೇಲಿದ್ದದ್ದರಿಂದ ಬಾಯಿ ಮುಚ್ಚಲು ಕೈ ಉಳಿದಿರಲಿಲ್ಲ. ಫೋಟೋದವನು ಅದನ್ನೂ ತೆಗೆದ. ಗೇಟು ಸ್ಪಷ್ಟವಾಗಿ ಬಿದ್ದಿದೆ.

ಆ ಹೊತ್ತಿಗಾಗಲೇ ತಮ್ಮನ ಹಲ್ಲು ಸಾಲಿನ ಅಂಚಿಗೆ ಬಂದಿತ್ತು. ಜೂನ್ ಮುಗಿಯುವುದರೊಳಗೆ ಕೆಳಹಲ್ಲನ್ನು ದಾಟಿ ಮುಂದೆ ಕೂತಿತು. ಅಕ್ಕನ ಕೋರೆಹಲ್ಲುಗಳು 2024ರ ಕೊನೆಗೆ ಇಳಿದವು. ಸಂದಿ ಕೂದಲೆಳೆಯಷ್ಟು ಉಳಿಯಿತು. ಅಜ್ಜಿ ಮದುವೆಯ ಆ ಫೋಟೋಗೆ ಕಟ್ಟು ಹಾಕಿಸಿ ದೇವರ ಮನೆಯ ಪಕ್ಕದ ಗೋಡೆಗೆ ನೇತುಹಾಕಿದ್ದಾರೆ. ‘ಅದನ್ನ ತೆಗಿ ಅಜ್ಜಿ’ ಎಂದು ಮೊಮ್ಮಗಳು ಈಗಲೂ ಗೋಗರೆಯುತ್ತಾಳೆ.