ಮೋಟಾರಿಗೊಂದು ಮಳೆಗಾಲದ ಅಂಗಿ

ಮೋಟಾರಿಗೆ ಬಣ್ಣ ಹಚ್ಚುವುದು ಅಂದಕ್ಕಾಗಿ ಎಂದು ಬಹುಮಂದಿ ತಿಳಿದಿರುತ್ತಾರೆ. ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆದ ಮೋಟಾರೊಂದನ್ನು ಮಲೆನಾಡಿನ ಮಳೆಗಾಲದ ಹೊಸ್ತಿಲಲ್ಲಿ ಕಂಡವರಿಗೆ ಮಾತ್ರ ಬಣ್ಣವೆಂಬುದು ಮೊದಲು ಅಂಗಿ, ಆಮೇಲೆ ಒಡವೆ ಎಂಬುದು ಮನದಟ್ಟಾಗುತ್ತದೆ.

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರಮಾವನವರ ಅಂಬಾಸಿಡರ್ ಇಂತಹ ಸ್ಥಿತಿಯಲ್ಲಿ ಎರಡು ಮಳೆಗಾಲಗಳನ್ನು ಕಳೆಯಬೇಕಾಯಿತು. ಅದನ್ನು ಕೊಂಡವರು ನಮ್ಮ ಅಜ್ಜ. ಮದುವೆಯಾಗಿ ನನ್ನ ತಾಯಿಯವರು ತವರಿನಿಂದ ಹೊರಟದ್ದು ಅದರಲ್ಲಿಯೇ. ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲಿಷ್ ಮೋಟಾರಿನ ಮಾದರಿಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಯ ತಯಾರಿಕೆ 2014ರಲ್ಲಿ ನಿಂತುಹೋಯಿತು. ಇದ್ದ ತಗಡು ಹೋಯಿತೆಂದರೆ ಗುಜರಿಯವನ ದಯೆಯನ್ನೇ ಕಾಯಬೇಕು. ಟಿಂಕರಿಂಗ್ ಮುಗಿದು ತಗಡು ಬೆಳ್ಳಗೆ ಹೊಳೆಯುವ ವೇಳೆಗೆ ಮಾವನವರ ಕೈಯಲ್ಲಿದ್ದ ಹಣವೂ ಮುಗಿದಿತ್ತು. ಆಗ ಮೇ ತಿಂಗಳ ಕೊನೆ. ಪೂರ್ತಿ ಬಣ್ಣಕ್ಕೆ ಅಡಕೆಯ ದುಡ್ಡು ಬರಬೇಕು. ಆ ವರ್ಷವೋ ತೋಟಕ್ಕೆ ಕೊಳೆರೋಗ ಬಡಿಯಿತು!

ನಮ್ಮ ಕಡೆ ಸಲಹೆಗಾರರಿಗೆಂದೂ ಬರವಿಲ್ಲ. ಬೂದುಬಣ್ಣದ ಪ್ರೈಮರ್ ಹೊಡೆಸಿ ನಿಲ್ಲಿಸಿ ಎಂದರು ನೆರೆಯವರು. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಇದನ್ನೇ. ಆದರೆ ಉಜ್ಜಿ ನುಣುಪು ಮಾಡಲೆಂದೇ ತಯಾರಿಸಿದ ಆ ಪ್ರೈಮರಿನಲ್ಲಿ ಸೀಮೆಸುಣ್ಣದಂತಹ ಪುಡಿ ಹೇರಳವಾಗಿರುತ್ತದೆ. ಮೇಲೆ ಬಣ್ಣ ಬೀಳುವವರೆಗೆ ಅದು ಹೀರುಕಾಗದವಿದ್ದಂತೆ. ತೇವವು ಅದರ ರಂಧ್ರಗಳಲ್ಲಿಳಿದು ತಗಡನ್ನು ಮುಟ್ಟುತ್ತದೆ. ತುಕ್ಕು ತನ್ನನ್ನು ಹೆತ್ತ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತುವಾದುದರಿಂದ ಒಳಗೇ ಉಬ್ಬಿ ಮೇಲಿನ ಪದರವನ್ನು ಎಬ್ಬಿಸುತ್ತದೆ. ಅದು ಉಬ್ಬುವವರೆಗೆ ಹೊರಗೆ ನೋಡುವವರಿಗೆ ಸರ್ವವೂ ಕ್ಷೇಮ. ಬರಿಯ ತಗಡಾದರೆ ತುಕ್ಕು ಕಣ್ಣಿಗಾದರೂ ಬಿದ್ದೀತು.

ಕಿಟಕಿಯ ಸರಳಿಗೆ ಹಚ್ಚುವ ರೆಡ್ ಆಕ್ಸೈಡು, ಅದರ ಮೇಲೆ ಒಂದು ಕೈ ಎನಾಮಲು, ಇದು ಎರಡನೆಯವರ ಮತ. ಅಗ್ಗವಾದದ್ದು, ಬ್ರಷ್ಷಿನಲ್ಲೇ ಬಳಿಯಬಹುದು, ನೀರನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಕಷ್ಟವೆಲ್ಲ ಆಮೇಲಿನದು. ಮೋಟಾರಿನ ಬಣ್ಣದಲ್ಲಿರುವ ಕಟುವಾದ ಥಿನ್ನರ್ ತಗುಲಿದರೆ ಎನಾಮಲು ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಮೇಲೇಳುತ್ತದೆ; ಮೊದಲೇ ಅದನ್ನೆಲ್ಲ ಕೆರೆದು ತೆಗೆಯದೆ ವಿಧಿಯಿಲ್ಲ. ಎಣ್ಣೆ ಸವರಿಡಿ ಎಂದವರೂ ಉಂಟು. ಕತ್ತಿ ಕುಡುಗೋಲಿಗೆ ಅದು ಸರಿ. ಮುಂದೆ ಬಣ್ಣ ಕಾಣಬೇಕಾದ ತಗಡಿನ ಸಂದುಗೊಂದುಗಳಲ್ಲಿ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದೆಂತು?

ಕೊನೆಗೆ ಮಾತನಾಡಿದವರು ಪೇಂಟರ್ ಮೇಸ್ತ್ರಿ.

"ಯಜಮಾನ್ರೇ, ಟೈರು ಆಮೇಲೆ ತಗೊಳ್ಳಿ. ಈಗ ಎಪಾಕ್ಸಿ ಹೊಡೆಸಿ."

ಎಪಾಕ್ಸಿ ಪ್ರೈಮರ್ ಎಂಬುದು ಎರಡು ಡಬ್ಬಿಗಳ ವ್ಯವಹಾರ. ಹೊಡೆಯುವ ಮುನ್ನ ಒಂದರೊಡನೆ ಇನ್ನೊಂದನ್ನು, ಅಂದರೆ ಹಾರ್ಡ್‌ನರನ್ನು, ಅಳತೆಗೆ ತಕ್ಕಂತೆ ಬೆರೆಸಬೇಕು. ಎರಡೂ ಕೂಡಿ ಗಟ್ಟಿಯಾದಾಗ ರಂಧ್ರಗಳಿಲ್ಲದ ಪದರವಾಗಿ ಶುದ್ಧವಾದ ತಗಡನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಇದರ ದೊಡ್ಡ ಗುಣವೆಂದರೆ ಮುಂದೆ ಕೆರೆದು ತೆಗೆಯಬೇಕಾಗಿಲ್ಲ. ಎಮರಿ ಕಾಗದದಿಂದ ಉಜ್ಜಿ ತರಿಮಾಡಿ ಅದರ ಮೇಲೆಯೇ ಉಳಿದ ಬಣ್ಣಗಳನ್ನು ಹಾಕಬಹುದು. ಬಿಸಿಲಿಗೆ ಮಾತ್ರ ಆಗದು, ಮೇಲ್ಮೈ ಪುಡಿಪುಡಿಯಾಗುತ್ತದೆ. ಮೈಗೆ ತಾಕಿದರೆ ಚರ್ಮಕ್ಕೂ ಕೆಡುಕು.

ಮಾವನವರು ಟೈರಿಗೆಂದು ತೆಗೆದಿಟ್ಟಿದ್ದ ಹಣವನ್ನೇ ಕೊಟ್ಟರು. ಮೋಟಾರು ಕಲ್ಲುಗಳ ಮೇಲೆ ಕುಳಿತಿತು. ತಾರ್ಪಾಲನ್ನು ಬಿಗಿದು ಸುತ್ತಬೇಡಿರೆಂದೂ ಮೇಸ್ತ್ರಿ ಎಚ್ಚರಿಸಿದ್ದರು. ಒಳಗೆ ಸಿಕ್ಕಿದ ತೇವವು ರಾತ್ರಿಯ ತಂಪಿಗೆ ತಗಡಿನ ಮೇಲೆಯೇ ಹನಿಗಟ್ಟುತ್ತದಂತೆ. ಕೊಟ್ಟಿಗೆಯ ಪಕ್ಕದ ಮಾಡಿನಡಿ ಗಾಳಿಯಾಡುವಂತೆ ನಿಲ್ಲಿಸಿ ಮೇಲೆ ಹಳೆಯ ಹತ್ತಿಯ ಜಮಖಾನೆಯೊಂದನ್ನು ಹೊದಿಸಿದರು.

ಎರಡನೆಯ ಮಳೆಗಾಲ ಕಳೆದು ದಸರೆಯ ರಜೆಯಲ್ಲಿ ನಾನು ಹೋದಾಗ ಮೇಸ್ತ್ರಿ ಬಂದು ಅಂಗುಲ ಅಂಗುಲವಾಗಿ ತಡವಿ ನೋಡಿದರು. ಎಡಬಾಗಿಲಿನ ಕೆಳಗಣ ಮಡಿಕೆಯಲ್ಲಿ, ಪಿಚಕಾರಿ ತಲುಪದ ಒಂದೆಡೆ, ಅಂಗೈಯಗಲದಷ್ಟು ತುಕ್ಕು ಸಿಕ್ಕಿತು. ಅದನ್ನು ಉಜ್ಜಿ ಬ್ರಷ್ಷಿನಿಂದ ಎಪಾಕ್ಸಿ ಹಚ್ಚಿದರು. ಉಳಿದ ಮೈಯೆಲ್ಲ ಗಟ್ಟಿ.

ಈ ಸಲ ಅಡಕೆ ಚೆನ್ನಾಗಿದೆ. ಈಗಿರುವುದು ಬೇರೆಯ ತಕರಾರು: ಅತ್ತೆಯವರಿಗೆ ಬಿಳಿಯ ಬಣ್ಣ ಬೇಕು, ಮಾವನವರಿಗೆ ಅಜ್ಜನವರ ಕಾಲದ ಕಪ್ಪೇ ಆಗಬೇಕು.