ಉಪ್ಪು ತಿಂದ ಗಾಡಿಗೆ ನೀರು ಕುಡಿಸಬೇಕು

ನಮ್ಮ ಕಡೆ ಗಾಡಿಗೆ ತುಕ್ಕು ಹಿಡಿಯುವುದು ಬಹುಮಟ್ಟಿಗೆ ಅದು ಮೂಲೆಯಲ್ಲಿ ನಿಂತ ಮೇಲೆ. ಓಡುವ ಲಾರಿಗೆ ಇಂಜಿನ್ ಕೆಲಸ ಬರುತ್ತದೆ, ಟಯರ್ ಸವೆಯುತ್ತದೆ, ಪಾಟಾ ಮುರಿಯುತ್ತದೆ. ಚಾಸಿಯೇ ತುಕ್ಕು ತಿಂದು ತೂತಾಯಿತು ಅನ್ನುವ ಮಾತು, ಕರಾವಳಿಯ ಮೀನಿನ ಗಾಡಿಗಳನ್ನು ಬಿಟ್ಟರೆ, ಕೇಳುವುದು ಅಪರೂಪ. ನಾನು ನಾಲ್ಕು ಚಳಿಗಾಲದಿಂದ ಇರುವ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಹಾಗಲ್ಲ. ಇಲ್ಲಿ ಇಂಜಿನ್ ಗಟ್ಟಿಮುಟ್ಟಾಗಿರುವಾಗಲೇ ಎಷ್ಟೋ ಗಾಡಿಗಳು ಗುಜರಿ ಸೇರುತ್ತವೆ. ಕಾರಣ ರಸ್ತೆಗೆ ಹಾಕುವ ಉಪ್ಪು.

ಇಲ್ಲಿ ಟ್ರಕ್ ಅಂದರೆ ನಮ್ಮ ಹತ್ತು ಚಕ್ರದ ಲಾರಿಯೇ ಆಗಬೇಕೆಂದಿಲ್ಲ. ಮುಂದೆ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್ ಗಾಡಿಗೂ ಟ್ರಕ್ ಅಂತಲೇ ಹೆಸರು. ರೈತರು, ಬಡಗಿಗಳು, ಪ್ಲಂಬರ್‌ಗಳು ಎಲ್ಲರ ಮನೆ ಮುಂದೆಯೂ ಒಂದು ಇರುತ್ತದೆ. ಬಸ್ಸು ಹೋಗದ ಹಳ್ಳಿಗಳಲ್ಲಿ ಗಾಡಿ ಕೆಟ್ಟರೆ ಅವತ್ತಿನ ದುಡಿಮೆ ಹೋಯಿತು ಅಂತಲೇ ಲೆಕ್ಕ.

ಉಪ್ಪು ಯಾಕೆ ಹಾಕುತ್ತಾರೆ? ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಉಪ್ಪು ಬೆರೆತ ನೀರು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಹಾಗಾಗಿ ಹಿಮ ಬಿದ್ದ ರಸ್ತೆಗೆ ಉಪ್ಪು ಎರಚಿದರೆ ಮಂಜುಗಡ್ಡೆ ಕರಗಿ ಟಯರಿಗೆ ಹಿಡಿತ ಸಿಗುತ್ತದೆ. ಸುಮಾರು ಮೈನಸ್ 9 ಡಿಗ್ರಿವರೆಗೆ ಸಾದಾ ಉಪ್ಪು ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಳಿ ಹೆಚ್ಚಾದರೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಹಿಮ ಬೀಳುವ ಮುನ್ಸೂಚನೆ ಇದ್ದರೆ ಮೊದಲೇ ಟ್ಯಾಂಕರ್‌ನಲ್ಲಿ ಉಪ್ಪುನೀರು ತಂದು ರಸ್ತೆಗೆ ಗೆರೆ ಎಳೆದ ಹಾಗೆ ಬಿಟ್ಟು ಹೋಗುತ್ತಾರೆ. ಬೆಳಿಗ್ಗೆ ನೋಡಿದರೆ ರಸ್ತೆಯ ಮೇಲೆ ಸುಣ್ಣದ ಪಟ್ಟೆ ಹೊಡೆದಂತೆ ಕಾಣುತ್ತದೆ.

ಇಷ್ಟು ಉಪ್ಪು ಎಲ್ಲಿಂದ? ನಮ್ಮ ಸಾಣಿಕಟ್ಟಾದ ಹಾಗೆ ಸಮುದ್ರದ ನೀರು ಒಣಗಿಸಿ ಮಾಡಿದ್ದಲ್ಲ. ಡೆಟ್ರಾಯಿಟ್ ನಗರದ ಕೆಳಗೆ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿ ಇದೆ. ನೂರು ವರ್ಷಕ್ಕೂ ಹಳೆಯದು. ಜಗತ್ತಿಗೆ ಕಾರು ಮಾಡಿಕೊಟ್ಟ ಊರಿನ ಅಡಿಯಲ್ಲೇ ಕಾರು ತಿನ್ನುವ ಉಪ್ಪೂ ಇದೆ ಅಂತ ಇಲ್ಲಿಯವರು ನಗುತ್ತಾರೆ.

ತುಕ್ಕು ಅಂದರೆ ಕಬ್ಬಿಣ, ನೀರು, ಗಾಳಿ ಮೂರೂ ಸೇರಿ ನಡೆಯುವ ಕೆಲಸ. ಒಂದು ಸಣ್ಣ ಬ್ಯಾಟರಿ ಒಳಗೆ ನಡೆಯುವ ಹಾಗೆಯೇ ಇಲ್ಲೂ ಕರೆಂಟು ಹರಿಯುತ್ತದೆ. ಬರೀ ನೀರಿಗಿಂತ ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುವುದರಿಂದ ತುಕ್ಕಿನ ವೇಗವೂ ಹೆಚ್ಚು. ಮೇಲಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪುಗಳು ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತವೆ. ಬಿಸಿಲು ಬಂದರೂ ಗಾಡಿಯ ಅಡಿಭಾಗ ಪೂರ್ತಿ ಒಣಗುವುದಿಲ್ಲ.

ತುಕ್ಕು ಕಣ್ಣಿಗೆ ಬೀಳುವ ಜಾಗದಲ್ಲಿ ಶುರುವಾದರೆ ಪರವಾಗಿಲ್ಲ. ಚಾಸಿಯ ಉದ್ದಪಟ್ಟಿಗಳು ಎಷ್ಟೋ ಪಿಕಪ್‌ಗಳಲ್ಲಿ ಒಳಗೆ ಪೊಳ್ಳಾಗಿರುವ ಡಬ್ಬಿಯ ಹಾಗಿರುತ್ತವೆ. ಚಕ್ರ ಎರಚಿದ ಉಪ್ಪಿನ ಕೆಸರು ತೂತುಗಳಿಂದ ಒಳಗೆ ಹೋಗಿ ಕೂರುತ್ತದೆ. ಹೊರಗೆ ಕಪ್ಪು ಬಣ್ಣ ಚೆನ್ನಾಗಿದೆ ಅನ್ನಿಸುತ್ತಿರುತ್ತದೆ, ಒಳಗಿಂದ ಗೆದ್ದಲು ತಿಂದ ತೊಲೆಯ ಹಾಗೆ ಆಗಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತಿಂದ ಕಬ್ಬಿಣ ಡಬ್ ಅನ್ನುತ್ತದೆ. ತೆಂಗಿನಕಾಯಿ ತಟ್ಟಿ ನೋಡುವವರಿಗೆ ಈ ವಿದ್ಯೆ ಹೊಸದಲ್ಲ.

ಇದು ಬರೀ ದುಡ್ಡಿನ ಮಾತಲ್ಲ, ಜೀವದ ಮಾತು ಅಂತ ನನಗೆ ಗೊತ್ತಾದದ್ದು ಪಕ್ಕದ ಮನೆಯ ಅಜ್ಜನಿಂದ. ಅವರದು ಹದಿನಾರು ವರ್ಷದ ಪಿಕಪ್. ಒಂದು ಮಾರ್ಚ್ ತಿಂಗಳಲ್ಲಿ ಶಾಲೆಯ ಹತ್ತಿರದ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೆ ಹೋಯಿತು. ಬ್ರೇಕ್ ಎಣ್ಣೆ ಹೋಗುವ ಪೆನ್ಸಿಲ್‌ಗಿಂತ ಸಪೂರದ ಕಬ್ಬಿಣದ ಪೈಪು ತುಕ್ಕಿಗೆ ಸೀಳಿತ್ತು. ಗಾಡಿಗಳಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ದಾರಿ ಇರುತ್ತದೆ. ಒಂದು ಹೋದರೂ ಇನ್ನೊಂದು ಅರ್ಧ ಬಲದಲ್ಲಾದರೂ ಹಿಡಿಯುತ್ತದೆ. ಅದರಿಂದ ಅವರು ಉಳಿದರು, ದಾಟುತ್ತಿದ್ದ ಮಕ್ಕಳೂ ಉಳಿದರು. ಅಜ್ಜ ಆಮೇಲೆ ಎರಡು ದಿನ ಗಾಡಿ ಮುಟ್ಟಲಿಲ್ಲ. ಮೂರನೇ ದಿನ ನನ್ನನ್ನು ಕರೆದು, ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟು, ಟಾರ್ಚ್ ಹಿಡಿದು ಕೆಳಗೆಲ್ಲ ತೋರಿಸಿದರು. "ಬಾಡಿ ನೋಡಬೇಡ, ಇದನ್ನು ನೋಡು" ಅಂದರು.

ಇದು ಒಬ್ಬರ ಕತೆಯಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2015ರಲ್ಲಿ ಉಪ್ಪು ಹಾಕುವ ರಾಜ್ಯಗಳ ಹಳೆಯ ಗಾಡಿ ಮಾಲೀಕರಿಗೆ ಇದೇ ಎಚ್ಚರಿಕೆ ಕೊಟ್ಟಿತ್ತು: ಚಳಿಗಾಲ ಪೂರ್ತಿ ಅಡಿಭಾಗ ತೊಳೆಯಿರಿ, ಬ್ರೇಕ್ ಪೈಪು ಪರೀಕ್ಷೆ ಮಾಡಿಸಿ. ಮರುವರ್ಷ, 2016ರಲ್ಲಿ, ಟೊಯೋಟಾ ಕಂಪನಿ ಟಕೋಮಾ, ಟಂಡ್ರಾ, ಸೆಕೋಯಾ ಗಾಡಿಗಳ ಚಾಸಿ ತುಕ್ಕಿನ ಮೊಕದ್ದಮೆಯಲ್ಲಿ ರಾಜಿಗೆ ಒಪ್ಪಿತು. ಸುಮಾರು 15 ಲಕ್ಷ ಗಾಡಿಗಳ ಲೆಕ್ಕ ಅದು. ಮೊತ್ತ 340 ಕೋಟಿ ಡಾಲರ್‌ವರೆಗೆ ಹೋಗಬಹುದು ಅಂತ ಅಂದಾಜಾಗಿತ್ತು. 2015ರಿಂದ ಫೋರ್ಡ್‌ನ ಎಫ್-150 ಪಿಕಪ್‌ಗೆ ಅಲ್ಯೂಮಿನಿಯಂ ಬಾಡಿ ಬಂತು. ಆದರೂ ಅದರ ಚಾಸಿ ಈಗಲೂ ಉಕ್ಕಿನದೇ.

ಇನ್ನೊಂದು ವಿಷಯ ನಮ್ಮವರಿಗೆ ಆಶ್ಚರ್ಯ ಅನ್ನಿಸಬಹುದು. ನಮ್ಮಲ್ಲಿ ಬಾಡಿಗೆ ಗಾಡಿಗೆ ಎಫ್‌ಸಿ ಆಗಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ಸ್ವಂತದ ಗಾಡಿಗೂ ವರ್ಷಕ್ಕೊಮ್ಮೆ ತಪಾಸಣೆ ಇದೆ. ಮಿಶಿಗನ್‌ನಲ್ಲಿ ಸ್ವಂತದ ಗಾಡಿಗೆ ಅಂಥ ವಾರ್ಷಿಕ ತಪಾಸಣೆ ಇಲ್ಲ. ಅಂದರೆ ನಿಮ್ಮ ಗಾಡಿಯ ಕೆಳಗೆ ನೀವೇ ಮಲಗಿ ನೋಡಬೇಕು, ಇಲ್ಲವಾದರೆ ಯಾರೂ ನೋಡುವುದಿಲ್ಲ.

ಹಾಗಾದರೆ ಉಳಿಸಿಕೊಳ್ಳುವುದು ಹೇಗೆ? ಅಜ್ಜ ಹೇಳಿಕೊಟ್ಟದ್ದು, ನಾನು ಮಾಡುತ್ತಿರುವುದು ಇಷ್ಟು.

ಮೊದಲನೆಯದು ನೀರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವ ಗಾದೆ ಇಲ್ಲಿ ಗಾಡಿಗೆ ಸರಿಯಾಗಿ ಹೊಂದುತ್ತದೆ. ಹಿಮ ಕರಗಿ ಒಂದೆರಡು ದಿನ ಬಿಸಿಲು ಬಂದಾಗ, ಕೆಳಗಿಂದ ನೀರು ಚಿಮ್ಮುವ ವ್ಯವಸ್ಥೆ ಇರುವ ವಾಷಿಂಗ್ ಜಾಗಕ್ಕೆ ಹೋಗಿ ತೊಳೆಸುತ್ತೇನೆ. ಚಕ್ರದ ಗೂಡು, ಚಾಸಿಯ ಒಳಭಾಗ ಮುಖ್ಯ. ಚಳಿಗಾಲ ಮುಗಿದ ಮೇಲೆ ಒಮ್ಮೆ ಪೂರ್ತಿ ತೊಳೆದು ಒಣಗಿಸಬೇಕು.

ಬೆಚ್ಚಗೆ ಕಾಯಿಸಿದ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಗಾಡಿಗೆ ಸುಖ ಅನ್ನಿಸುತ್ತದೆ. ಆದರೆ ಕೊರೆಯುವ ಚಳಿಯಲ್ಲಿ ತುಕ್ಕು ನಿಧಾನವಾಗಿ ನಡೆಯುತ್ತದೆ. ಬೆಚ್ಚಗಾದಾಗ ಅಂಟಿದ ಹಿಮ ಕರಗಿ ಉಪ್ಪುನೀರಾಗಿ ಕೆಲಸ ಶುರು ಮಾಡುತ್ತದೆ. ತೊಳೆಯದೆ ಒಳಗೆ ನಿಲ್ಲಿಸುವುದು ಒಳ್ಳೆಯದಲ್ಲ.

ಎರಡನೆಯದು ಜಿಡ್ಡು. ಚಳಿ ಶುರುವಾಗುವ ಮೊದಲು, ಒಣಗಿದ ದಿನ ನೋಡಿ ಅಡಿಭಾಗಕ್ಕೆಲ್ಲ ಎಣ್ಣೆಯಂಥ ಲೇಪನ ಸಿಂಪಡಿಸುತ್ತಾರೆ. ಇದರಲ್ಲಿ ಜನಪ್ರಿಯವಾದದ್ದು ಲ್ಯಾನೋಲಿನ್, ಅಂದರೆ ಕುರಿಯ ಉಣ್ಣೆಯ ಜಿಡ್ಡು. ಕುರಿ ಮಳೆಯಲ್ಲಿ ನೆನೆದರೂ ಚರ್ಮದವರೆಗೆ ನೀರು ಬೇಗ ಇಳಿಯದ ಹಾಗೆ ಕಾಯುವ ಜಿಡ್ಡು ಅದು. ಇದು ಒಣಗಿ ಗಟ್ಟಿಯಾಗುವುದಿಲ್ಲ, ಸಂದುಗಳಿಗೆ ಹರಿಯುತ್ತದೆ, ಗೀರು ಬಿದ್ದರೂ ಮುಚ್ಚಿಕೊಳ್ಳುತ್ತದೆ. ಆದರೆ ತೊಳೆದು ಹೋಗುವುದರಿಂದ ಪ್ರತಿ ವರ್ಷ ಹೊಡೆಸಬೇಕು. ಚಾಸಿಯ ಪೊಳ್ಳಿನ ಒಳಗೆ ಉದ್ದದ ಕೊಳವೆ ತೂರಿಸಿ ಹೊಡೆಯುವುದನ್ನು ಮರೆಯಬಾರದು. ನೀರು ಇಳಿಯುವ ತೂತುಗಳು ಮುಚ್ಚಬಾರದು. ಬ್ರೇಕ್ ಡಿಸ್ಕ್, ಸೈಲೆನ್ಸರ್ ಮೇಲೆ ಬೀಳಬಾರದು.

ಗಟ್ಟಿ ರಬ್ಬರಿನಂಥ ಕಪ್ಪು ಲೇಪನವೂ ಇದೆ. ಹೊಸ, ಸ್ವಚ್ಛ ಕಬ್ಬಿಣಕ್ಕೆ ಅದು ಸರಿ. ಈಗಾಗಲೇ ತುಕ್ಕು ಹಿಡಿದ ಮೇಲೆ ಹೊಡೆದರೆ ಬಿರುಕಿನಿಂದ ನೀರು ಒಳಸೇರಿ ಅಲ್ಲೇ ಉಳಿಯುತ್ತದೆ. ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ಮೂರನೆಯದು ಬ್ರೇಕ್ ಪೈಪು. ಬದಲಿಸುವ ಕಾಲ ಬಂದರೆ ತಾಮ್ರ-ನಿಕಲ್ ಮಿಶ್ರಲೋಹದ ಪೈಪು ಹಾಕಿಸುವುದು ಒಳ್ಳೆಯದು. ಅದಕ್ಕೆ ತುಕ್ಕು ಬಾಧಿಸುವುದಿಲ್ಲ. ಅಜ್ಜ ಅದನ್ನೇ ಹಾಕಿಸಿದರು.

ಇದೆಲ್ಲ ನೋಡುವಾಗ ಲಾರಿ ಡ್ರೈವರ್ ಆಗಿದ್ದ ಅಪ್ಪನ ನೆನಪಾಗುತ್ತದೆ. ಮಳೆಗಾಲಕ್ಕೆ ಮೊದಲು ಅಂಕೋಲಾದ ಗ್ಯಾರೇಜಿನಲ್ಲಿ ಅವರು ಹಳೆ ಇಂಜಿನ್ ಆಯಿಲ್ ಅನ್ನು ಬಟ್ಟೆಯಲ್ಲಿ ಅದ್ದಿ ಚಾಸಿಗೆ ಬಳಿಯುತ್ತಿದ್ದರು. ಕಬ್ಬಿಣಕ್ಕೂ ನೀರಿಗೂ ನಡುವೆ ಜಿಡ್ಡು ಇರಲಿ ಅನ್ನುವ ಆ ಬುದ್ಧಿ ಇಲ್ಲಿಯದೂ ಹೌದು. ಒಂದೇ ವ್ಯತ್ಯಾಸ: ಹಳೆ ಆಯಿಲ್ ಮಳೆಗೆ ತೊಳೆದು ಬಾವಿ, ಹೊಳೆ ಸೇರುತ್ತದೆ, ರಬ್ಬರ್ ಬುಷ್‌ಗಳನ್ನೂ ಕೆಡಿಸುತ್ತದೆ. ಲ್ಯಾನೋಲಿನ್ ಅಥವಾ ಮೇಣದ ಲೇಪನ ಮೇಲು.

ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು. ಮೀನು ಸಾಗಿಸುವ ಗಾಡಿ ಇದ್ದರೆ, ಐಸ್ ಕರಗಿ ಸುರಿಯುವ ಉಪ್ಪುನೀರು ಇಲ್ಲಿಯ ರಸ್ತೆ ಮಾಡುವ ಕೆಲಸವನ್ನೇ ಮಾಡುತ್ತದೆ. ಲೋಡ್ ಇಳಿಸಿದ ದಿನವೇ ಸಿಹಿನೀರಿನಲ್ಲಿ ಅಡಿಭಾಗ ತೊಳೆಯಿರಿ.

ಮಗನೋ ಮಗಳೋ ಓದಲು, ದುಡಿಯಲು ಕೆನಡಾ, ಅಮೆರಿಕದ ಉತ್ತರ ಭಾಗಕ್ಕೆ ಬಂದಿದ್ದರೆ, ಅವರು ಮೊದಲು ಕೊಳ್ಳುವುದು ಹಳೆಯ ಗಾಡಿಯನ್ನೇ. ಬಣ್ಣ ಹೊಳೆಯುತ್ತದೆ, ಹೀಟರ್ ಬೆಚ್ಚಗಿದೆ, ಬೆಲೆ ಕಡಿಮೆ ಅಂತ ಫೋನಿನಲ್ಲಿ ಸಂತೋಷದಿಂದ ಹೇಳುತ್ತಾರೆ. ಆಗ ನೀವು ಒಂದೇ ಪ್ರಶ್ನೆ ಕೇಳಿ: "ಕೆಳಗೆ ಬಗ್ಗಿ ನೋಡಿದೆಯಾ?"